ಆಶೀರ್ವಾದ ತಪ್ಪಿಸಿಕೊಂಡ ಟಗರಿಗೆ

ಮಾನ್ಯರೇ,

ಉಚ್-ಕಾಯಿನ್ ಊರಿನ ಹುಲ್ಲುಗಾವಲುಗಳ ಒಡೆಯರೂ, ನಮ್ಮ ಊರ ಮುಖಂಡ ಓರೊಜ್‌ಬೆಕ್‌ನ ಅಂಗಳದ ಶೋಭೆಯೂ, ಬಾಲದ ಕೊಬ್ಬಿನ ಭಾರಕ್ಕೆ ಮುಂದೊಬ್ಬರು ಹಿಂದೊಬ್ಬರು ನಡೆದಂತೆ ಕಾಣುವವರೂ ಆದ ತಮಗೆ ಪಕ್ಕದ ಮನೆಯ ಬುರುಲ್ಚಾ ಮುದುಕಿಯ ಸಲಾಮುಗಳು. ತಮ್ಮ ಕೊಂಬು ಕ್ಷೇಮವೇ, ಗೊರಸು ಕ್ಷೇಮವೇ, ನನ್ನ ಹಿತ್ತಲಿನಲ್ಲಿ ಮೇಯ್ದ ಎಲೆಕೋಸು ಜೀರ್ಣವಾಯಿತೇ? ನಾನು ಊರ ಶಾಲೆಯಲ್ಲಿ ಅಕ್ಷರ ಕೂಡಿಸುವಷ್ಟು ಕಲಿತು, ಆಮೇಲೆ ತಮ್ಮ ಪೂರ್ವಿಕರನ್ನು ಕಾಯಲು ಹೋದವಳು. ಬರೆದುದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪನ್ನು ಮಾತ್ರ, ಕಾಗದವನ್ನಲ್ಲ. ಅದಕ್ಕೆಂದೇ ಇದನ್ನು ಆರೋಗ್ಯ ಕೋಣೆಯ ಬಾಗಿಲಿಗೆ, ತಮ್ಮ ಬಾಯಿಗೆ ಎಟುಕದಷ್ಟು ಮೇಲೆ ಅಂಟಿಸಿದ್ದೇನೆ. ಓದು ಬಲ್ಲವರು ತಮಗೆ ಓದಿ ಹೇಳಲಿ, ಹೇಳುವಾಗ ಓದುವವರೂ ಸ್ವಲ್ಪ ಕೇಳಿಸಿಕೊಳ್ಳಲಿ.

ತಮಗೆ ತಿಳಿದಂತೆ ನಮ್ಮೂರಿಗೂ ಜಿಲ್ಲೆಯ ಆಸ್ಪತ್ರೆಗೂ ನಡುವೆ ಒಂದು ಘಟ್ಟವಿದೆ, ಕತ್ತಲಾದ ಮೇಲೆ ಅದನ್ನು ದಾಟುವವರು ಕುಡಿದವರು ಇಲ್ಲವೇ ಹೊಸದಾಗಿ ಪ್ರೀತಿಯಲ್ಲಿ ಬಿದ್ದವರು. ನಾವು ಆಸ್ಪತ್ರೆಗೆ ಹೋಗುವುದು ಕಷ್ಟವಾದರೆ ಆಸ್ಪತ್ರೆಯೇ ನಮ್ಮಲ್ಲಿಗೆ ಬರಲಿ ಎಂದು ಜಿಲ್ಲೆಯವರೂ ಊರಿನವರೂ ಸೇರಿ ‘ಆರೋಗ್ಯ ಸಹಭಾಗಿತ್ವ’ ಎಂಬುದನ್ನು ಮಾಡಿಕೊಂಡೆವು. ತಿಂಗಳಿಗೊಮ್ಮೆ ಡಾಕ್ಟರು, ವ್ಯಾನು, ರಕ್ತದೊತ್ತಡ ನೋಡುವ ಯಂತ್ರ ಅವರ ಪಾಲು. ಕೋಣೆ ನಮ್ಮ ಪಾಲು. ಕೋಣೆಯನ್ನು ಊರೆಲ್ಲ ಮುಯ್ಯಾಳಾಗಿ ನಿಂತು ಕಟ್ಟಿದೆವು. ಮಣ್ಣು ತುಳಿದ ನನ್ನ ಬಲಗಾಲಿನ ಗುರುತು ಹೊಸ್ತಿಲ ಪಕ್ಕದಲ್ಲಿ ಈಗಲೂ ಇದೆ, ಬೇಕಾದರೆ ಮೂಸಿ ನೋಡಿ. ಆದರೆ ಈ ಸಹಭಾಗಿತ್ವದ ಮೂರನೆಯ ಪಾಲುದಾರರನ್ನು ಭಾಷಣ ಮಾಡಿದವರಲ್ಲಿ ಒಬ್ಬರೂ ನೆನೆಯಲಿಲ್ಲ. ಆ ಪಾಲುದಾರರು ತಮ್ಮ ವಂಶಸ್ಥರು.

ಡಾಕ್ಟರ್ ದಾಮಿರಾ ಮೊದಲ ಸಲ ಬಂದಾಗ ಒಳ್ಳೆಯ ಹೆಣ್ಣುಮಗಳಂತೆ ಕೇಳಿದಳು, “ಮೊದ್ಲು ರೋಗಿಗಳನ್ನ ನೋಡಿಬಿಡ್ಲಾ?” ಓರೊಜ್‌ಬೆಕ್ ಎದೆಯ ಮೇಲೆ ಕೈಯಿಟ್ಟು, “ಏನ್ ಡಾಕ್ಟರಮ್ಮಾ, ನಮ್ಮೂರನ್ನ ಏನಂತ ತಿಳ್ಕೊಂಡ್ರಿ? ರೋಗ ಎಲ್ಲಿಗೂ ಓಡಿಹೋಗಲ್ಲ, ಸಾರು ಆರಿಹೋಗುತ್ತೆ” ಎಂದ. ಸಾರು ಆರುವುದಿರಲಿ, ಅದಿನ್ನೂ ನಾಲ್ಕು ಕಾಲಿನ ಮೇಲೆ ನಿಂತು ಹುಲ್ಲು ಜಗಿಯುತ್ತಿತ್ತು! ಅದು ತಮ್ಮ ಚಿಕ್ಕಪ್ಪನವರು. ಅವರನ್ನು ಬಾಗಿಲಿಗೆ ತಂದು, ಎಲ್ಲರೂ ಅಂಗೈ ಬಿಚ್ಚಿ ಆಶೀರ್ವದಿಸಿ, ಕೊಯ್ದು, ಸುಲಿದು, ಬೇಯಿಸಿ, ತಲೆ ಯಾರಿಗೆ, ತೊಡೆ ಯಾರಿಗೆ, ಸೊಂಟದ ಮೂಳೆ ಯಾರಿಗೆ ಎಂದು ಹಿರಿತನದ ಜಗಳ ತೀರುವಷ್ಟರಲ್ಲಿ ಬಿಸಿಲು ಬೆಟ್ಟದ ತುದಿಗೆ ಹೋಗಿತ್ತು, ಡ್ರೈವರು ಹಾರ್ನ್ ಒತ್ತುತ್ತಿದ್ದ. ನಾವು ಕಟ್ಟಿದ ಕೋಣೆಯಲ್ಲಿ, ಮೈ ಪರೀಕ್ಷೆಯ ಮಂಚದ ಮೇಲೆ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕಿನ ರಾಶಿ ಅಂಗಾತ ಮಲಗಿತ್ತು. ಅದರ ಆರೋಗ್ಯ ಚೆನ್ನಾಗಿತ್ತು. ಯಂತ್ರ ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಮುಂದಿನ ತಿಂಗಳು ತಮ್ಮ ಸೋದರಮಾವನವರು, ಅದರ ಮುಂದಿನ ತಿಂಗಳು ಯಾರೋ ದೂರದ ನೆಂಟರು.

ಈಗ ದೂರಿಗೆ ಬರುತ್ತೇನೆ. ನನ್ನ ಸೊಸೆ ಕುನ್ದುಜ್ ಚೊಚ್ಚಲ ಬಸುರಿಯಾಗಿದ್ದಳು. ನನ್ನ ಮಗ ಕುದುರೆಗಳ ಹಿಂಡಿನೊಂದಿಗೆ ಮೇಲಿನ ಬಯಲಿನಲ್ಲಿದ್ದ. ಅವಳ ಕಾಲು ಊದಿ ಊದಿ ತನ್ನ ಚಪ್ಪಲಿಗೆ ಹಿಡಿಯದೆ ಗಂಡನ ರಬ್ಬರ್ ಬೂಟಿಗೆ ಬಂದಿತ್ತು, ತಲೆನೋವು, ಕಣ್ಣ ಮುಂದೆ ಮಿಣುಕು. ಊರಿನ ಔತಣವೆಂದರೆ ಹೊಟ್ಟೆ ಉಬ್ಬಿದ ಚಹಾ ಹಂಡೆ ಸಮೋವಾರಿನ ಪಕ್ಕ ಕೂತು ಚಹಾ ಬಗ್ಗಿಸುವುದು ಕಿರಿಯ ಸೊಸೆಯ ಕೆಲಸ. ಅಂದರೆ, ಮಾನ್ಯರೇ, ಡಾಕ್ಟರು ಮೂರು ತಿಂಗಳು ಯಾರನ್ನು ನೋಡಬೇಕಿತ್ತೋ ಅವಳ ಕೈಯಿಂದಲೇ ಚಹಾ ಕುಡಿದು, “ಚೆನ್ನಾಗಿದೆ ಕಣಮ್ಮಾ” ಎಂದು ಹೇಳಿ ಹೋದಳು. ಹಿರಿಯರೆದುರು ಸೊಸೆ ಬಾಯಿ ಬಿಡುವಂತಿಲ್ಲ. ನಾನು ಬಾಯಿ ಬಿಟ್ಟರೆ ಯಾರಾದರೊಬ್ಬರು ಎದ್ದು ಅತಿಥಿಗಳ ಗುಣಗಾನಕ್ಕೆ ಶುರುಮಾಡುತ್ತಿದ್ದರು. ಓರೊಜ್‌ಬೆಕ್‌ಗೆ ಬೇರೆಯಾಗಿ ಹೇಳಿದರೆ, ಊರೆಲ್ಲ ನನ್ನನ್ನು ಕರೆಯುವಂತೆ ದೊಡ್ಡಮ್ಮನೆಂಬ ಅರ್ಥದ ‘ಅಪಾ’ ಸೇರಿಸಿ, “ಬಸುರಿ ಅಂದ್ಮೇಲೆ ಕಾಲು ಊದ್ದೆ ಇರುತ್ತಾ ಅಪಾ? ನನ್ನ ಹೆರೋವಾಗ ನಮ್ಮವ್ವ ಸಮೋವಾರ್ ಥರ ಇದ್ಲಂತೆ” ಎಂದ. “ಅದಕ್ಕೇ ಕಣೋ ನಿನ್ನ ತಲೇಲಿ ಬರೀ ಹಬೆ” ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ತಂಗಿಯೂ ಇದೇ ರೀತಿ ಊದಿಕೊಂಡು, ಘಟ್ಟದ ಈಚೆಯೇ ಉಳಿದುಹೋದಳು.

ಅತಿಥಿಗೆ ಅರ್ಧ ಪಿಯಾಲೆ ಚಹಾ ಕೊಟ್ಟರೆ ಮರ್ಯಾದೆ, ತುಂಬಿ ಕೊಟ್ಟರೆ ‘ಇನ್ನು ಏಳಿ’ ಎಂದು ಅರ್ಥವೆಂಬುದನ್ನು ಮನುಷ್ಯರ ಜೊತೆ ಬಾಳಿದ ತಾವು ಬಲ್ಲಿರಿ. ಮೂರನೆಯ ಭೇಟಿಯಲ್ಲಿ ನಾನೇ ಡಾಕ್ಟರ ಪಿಯಾಲೆಯನ್ನು ಅಂಚಿನವರೆಗೆ ತುಂಬಿಸಿದೆ. ಅದನ್ನು ಕಂಡ ಓರೊಜ್‌ಬೆಕ್, “ಅಪಾಗೆ ಕಣ್ಣು ಮಂಜಾಗಿದೆ” ಎಂದು ಊರ ಮಾನ ಕಾಪಾಡಲು ತಾನೇ ಅದನ್ನು ಕುಡಿದ. ನಾಲಿಗೆ ಸುಟ್ಟುಕೊಂಡು ಒಂದು ವಾರ ಭಾಷಣವಿಲ್ಲದೆ ಇದ್ದದ್ದೇ ನಮ್ಮ ಸಹಭಾಗಿತ್ವದಿಂದ ಊರಿಗಾದ ಮೊದಲ ಲಾಭ.

ನಾಲ್ಕನೆಯ ಭೇಟಿಗೆ ತಮ್ಮ ಪಾಳಿ. ತಮಗೆ ಜ್ಞಾಪಕವಿರಬೇಕು, ಬೆಳಿಗ್ಗೆ ಯಾರೋ ಬಂದು ತಮ್ಮ ಹಗ್ಗ ಬಿಚ್ಚಿ, ತಮ್ಮ ಹಿಂಭಾಗಕ್ಕೆ ಅಷ್ಟೇನೂ ಗೌರವವಿಲ್ಲದೆ ಒಂದು ಏಟು ಕೊಟ್ಟರು. ಯಾರೆಂದು ಕೇಳಬೇಡಿ. ತಾವು ನೇರವಾಗಿ ನನ್ನ ಎಲೆಕೋಸಿಗೆ ನುಗ್ಗಿದಿರಿ. ಅತ್ತ ಕೋಣೆಯಲ್ಲಿ ಎಲ್ಲರೂ ಕೂತ ಮೇಲೆ ಓರೊಜ್‌ಬೆಕ್ “ಅಪಾ, ಬಾಗಿಲಿಗೆ ತರ್ಸಿ, ಆಶೀರ್ವಾದ ಆಗ್ಲಿ” ಎಂದು ಕೂಗಿದ. ಎಲ್ಲರ ಅಂಗೈಗಳೂ ಬಿಚ್ಚಿಕೊಂಡವು. ಬಿಚ್ಚಿದ ಅಂಗೈಯನ್ನು ಆಶೀರ್ವಾದ ಹೇಳದೆ ಮುಚ್ಚುವಂತಿಲ್ಲ, ಅದು ನಮ್ಮ ಹಿರಿಯರು ಕಟ್ಟಿದ ಬೇಲಿ. ನಾನು ಕುನ್ದುಜ್‌ಳ ತೋಳು ಹಿಡಿದು ತಂದು, ತಾವು ನಿಲ್ಲಬೇಕಾಗಿದ್ದ ಹೊಸ್ತಿಲಲ್ಲಿ ನಿಲ್ಲಿಸಿದೆ.

ನಮ್ಮ ಹಿರಿಯಜ್ಜ ಸಾದಿರ್‌ಗೆ ಕಣ್ಣು ಅರ್ಧವೇ ಕಾಣುವುದು. ಅವರು ಎಂದಿನ ಹಾಗೆ ಗಂಟಲು ಸರಿಮಾಡಿಕೊಂಡು, “ಭೇಷ್, ಒಳ್ಳೇ ಮೈಕಟ್ಟು! ಒಳ್ಳೇ ಮನೆ ಮೇವು ತಿಂದಿದೆ. ದೇವರು ಒಪ್ಪಿಸಿಕೊಳ್ಳಲಿ, ಪಾಲು ಎಲ್ಲರಿಗೂ ಸರಿಯಾಗಿ ಬರಲಿ” ಎಂದು ಶುರುಮಾಡಿದರು. ಕೋಣೆಯೆಲ್ಲ ನಕ್ಕಿತು. ಕುನ್ದುಜ್ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡಳು. ನಗುತ್ತಲೇ ತಲೆಯೆತ್ತಿದ ದಾಮಿರಾ ಆ ವಸ್ತ್ರ ಹಿಡಿದ ಊದಿದ ಬೆರಳು ನೋಡಿದಳು, ಬೂಟು ನೋಡಿದಳು, ನಗು ನಿಲ್ಲಿಸಿದಳು.

“ಈ ಹುಡುಗಿ ಯಾವಾಗಿಂದ ಹಿಂಗಿದಾಳೆ?”

“ನೀವು ಮೊದಲ ಸಲ ಇವಳ ಕೈಯಿಂದ ಚಹಾ ಕುಡಿದ್ರಲ್ಲ, ಆವತ್ತಿಂದ ತಾಯೀ.”

ಯಂತ್ರ ಪೆಟ್ಟಿಗೆಯಿಂದ ಹೊರಬಂತು. ಬೋರ್ಸೋಕು ಮಂಚದಿಂದ ಇಳಿಯಿತು, ಕುನ್ದುಜ್ ಹತ್ತಿದಳು. ಮುಳ್ಳು ಏರಿತು, ಇಳಿಯಲು ಮನಸ್ಸು ಮಾಡಲಿಲ್ಲ. “ವ್ಯಾನ್ ತೆಗಿ, ಈಗ್ಲೇ” ಎಂದಳು ದಾಮಿರಾ. ಆಗಷ್ಟೇ ಕೈ ತೊಳೆದಿದ್ದ ಡ್ರೈವರು, “ಊಟ?” ಎಂದ. “ರೊಟ್ಟಿ ಜೇಬಲ್ಲಿ ಇಟ್ಕೋ” ಎಂದೆ ನಾನು. ಬಿಸಿಲಿರುವಾಗಲೇ ಘಟ್ಟ ದಾಟಿದೆವು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಇನ್ನೊಂದೆರಡು ದಿನ ತಡೆದಿದ್ದರೆ ಇಬ್ಬರನ್ನೂ ಕೈಬಿಡಬೇಕಿತ್ತು ಎಂದು ದಾಮಿರಾ ನನ್ನ ಮುಖ ನೋಡದೆ ಹೇಳಿದಳು. ಹೆಣ್ಣು. ನನ್ನ ಅಂಗೈಯಷ್ಟು ಮುಖ, ಓರೊಜ್‌ಬೆಕ್‌ನಷ್ಟು ಗಂಟಲು. ನಮ್ಮ ಮಾತಿನಲ್ಲಿ ಆಶೀರ್ವಾದಕ್ಕೆ ಬಾತಾ ಎನ್ನುತ್ತಾರೆ. ತಮಗೆ ಸಲ್ಲಬೇಕಾದದ್ದು ಅವಳಿಗೆ ಸಂದಿತಾದ್ದರಿಂದ ಬಾತಾಗುಲ್ ಎಂದು ಹೆಸರಿಟ್ಟಿದ್ದೇವೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ದಯವಿಟ್ಟು ಇಷ್ಟು ರುಚಿಯಾಗಿರಬೇಡಿ. ಬಾಲದಲ್ಲಿ ಕೊಬ್ಬು ಕೂಡಿಡುವ ಬದಲು ಅಲ್ಲಿ ಒಂದಿಷ್ಟು ಮಾತ್ರೆ, ಹತ್ತಿ, ಬಟ್ಟೆಪಟ್ಟಿ ಬೆಳೆಸಲಾದೀತೇ ನೋಡಿ. ಸಹಭಾಗಿತ್ವದ ಸಭೆಗೆ ಇನ್ನು ಮುಂದೆ ತಟ್ಟೆಯಲ್ಲಿ ಬರದೆ ಸದಸ್ಯರಾಗಿ ಬಂದು ಗೋಡೆಗೆ ಒರಗಿ ಕೂತರೆ, ಬೇರೆ ಸದಸ್ಯರಿಗಿಂತ ಕಡಿಮೆ ಏನನ್ನೂ ತಾವು ಮಾಡುವುದಿಲ್ಲವೆಂದು ನಾನು ಭರವಸೆ ಕೊಡಬಲ್ಲೆ. ಅದಾಗದಿದ್ದರೆ, ಪ್ರತಿ ತಿಂಗಳು ವ್ಯಾನಿನ ಸದ್ದು ಕೇಳಿದ ಕೂಡಲೇ ಕಾಲಿಗೆ ಬುದ್ಧಿ ಹೇಳಿ. ಎಲೆಕೋಸು ನನ್ನ ಲೆಕ್ಕಕ್ಕಿರಲಿ.

ತಮ್ಮ ಕೊಬ್ಬಿನಲ್ಲಲ್ಲ, ತಮ್ಮ ಓಟದಲ್ಲಿ ಮಾತ್ರ ವಿಶ್ವಾಸವಿಟ್ಟಿರುವ,
ತಮ್ಮ ನೆರೆಯ ವಿಶ್ವಾಸಿ,
ಬುರುಲ್ಚಾ

ತಾ.ಕ.: ಬರುವ ಶುಕ್ರವಾರ ಬಾತಾಗುಲ್‌ಳನ್ನು ತೊಟ್ಟಿಲಿಗೆ ಹಾಕುವ ಹಬ್ಬ. ಓರೊಜ್‌ಬೆಕ್ ಮನಸ್ಸು ಕರಗಿ ತಮ್ಮನ್ನೇ ಉಡುಗೊರೆಯಾಗಿ ಕೊಟ್ಟಿದ್ದಾನೆ, ಆದ್ದರಿಂದ ತಾವು ಖಂಡಿತ ಬರಬೇಕು. ಬರುವಾಗ ಏನನ್ನೂ ತರುವುದು ಬೇಡ. ಡಾಕ್ಟರೂ ಬರುತ್ತಾಳೆ. ಈ ಸಲ ಊರಿನವರೆಲ್ಲರನ್ನೂ ನೋಡಿ ಮುಗಿಸುವವರೆಗೆ ಒಲೆ ಹಚ್ಚುವಂತಿಲ್ಲವೆಂದು ಕೊಬ್ಬು ಕರಗಿಸುವ ಕಡಾಯಿಯನ್ನು ನನ್ನ ಮನೆಗೆ ತಂದು, ಅದರ ಮೇಲೆ ನಾನೇ ಕೂತಿದ್ದೇನೆ. ನಮ್ಮೂರಿನವರಿಗೆ ಕಾಯಿಲೆ ಬಹಳ, ಅದಕ್ಕಿಂತ ಮಾತು ಬಹಳ. ಸಾದಿರ್ ಅಜ್ಜನಿಗೆ ಅವರ ಮಂಡಿನೋವನ್ನು ಹುಟ್ಟಿದಾಗಿನಿಂದ ಹೇಳಬೇಕೆಂದು ತಿಳಿಸಿದ್ದೇನೆ. ಕತ್ತಲಾಗುವುದರೊಳಗೆ ಪಾಳಿ ಮುಗಿಯದಿದ್ದರೆ ಅದು ತಮ್ಮ ಪುಣ್ಯ.