ಹೆಲ್ಮೆಟ್ಟಿನೊಳಗೆ ಸೂತಕ

ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದ ದಿನ ಕಿಟ್ಟು ಬೆಳಗಿನಿಂದ ಸಂಜೆಯವರೆಗೆ ಪಟ್ಟ ಪಾಡು ಒಂದೇ: ಆ ಸುದ್ದಿ ತನ್ನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು.

ಆರು ಗಂಟೆಗೆ ಫೋನು ಬಡಿದುಕೊಂಡಿತು. ಊರಿನ ಇನ್ನೊಂದು ತುದಿಯ ಪುರಸೈವಾಕ್ಕಂನಿಂದ ದೊಡ್ಡಪ್ಪನ ಮಗ ರವಿಶಂಕರ್. ದೊಡ್ಡಪ್ಪ ಗುರುಚರಣರಾಯರಿಗೆ ತೊಂಬತ್ತೊಂದು, ವಾರದಿಂದ ಆಸ್ಪತ್ರೆಯಲ್ಲಿದ್ದರು. ಅಷ್ಟು ಹೊತ್ತಿಗೆ ಬರುವ ಫೋನು ಇನ್ನೇನು ಹೇಳೀತು? ಕಿಟ್ಟು ಹಾವಿನ ಮೇಲೆ ಬುಟ್ಟಿ ಕವುಚುವಂತೆ ಅದರ ಮೇಲೆ ದಿಂಬು ಹಾಕಿ ಕುಳಿತ.

"ತೆಗೀರಿ ಅಂದ್ರೆ!" ಎಂದಳು ಹೆಂಡತಿ ಜಯಲಕ್ಷ್ಮೀ.

"ತೆಗೆದ್ರೆ ಕಿವಿಗೆ ಬೀಳತ್ತೆ. ಬಿದ್ರೆ ಸೂತಕ. ಹತ್ತು ದಿನ ದೇವರನ್ನ ಮುಟ್ಟೋ ಹಾಗಿಲ್ಲ. ಕೇಳದೆ ಇದ್ದೋನಿಗೆ ಸೂತಕವೂ ಇಲ್ಲ."

"ಹಾಗಾದ್ರೆ ನಾನು ತೆಗೀಲಾ?"

"ನಿನ್ನ ಮುಖ ನೋಡಿದ್ರೇ ನನಗೆ ತಿಳಿದುಹೋಗತ್ತೆ!"

ಅವನ ಭಯಕ್ಕೆ ಕಾರಣವಿತ್ತು. ಕಿಟ್ಟು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಪೆನ್ನಾಡಿಸಿ ದೇವರ ಚಿತ್ರ ಬರೆಯುವವನು. ಇಪ್ಪತ್ತು ವರ್ಷಗಳಿಂದ ಅವನ ದೇವರುಗಳೆಲ್ಲ ಊದುಬತ್ತಿ ಪೊಟ್ಟಣದ ಮೇಲೆ ಕುಳಿತು, ಬತ್ತಿ ಮುಗಿದ ಕೂಡಲೇ ಕಸದ ಪಾಲಾಗುತ್ತಿದ್ದರು. ಈಗ ಮೊದಲ ಸಲ ಪೂಜೆಗೆಂದೇ ಒಂದು ಚಿತ್ರ ಕೇಳಿದ್ದರು: ಮಠದ ಹಜಾರಕ್ಕೆ ನಾಲ್ಕಡಿಯ ನರಸಿಂಹ. ನಾಳೆ ನರಸಿಂಹ ಜಯಂತಿ. ಇಂದು ಸಂಜೆ ಆರಕ್ಕೆ ಚಿತ್ರ ಮಠ ಸೇರಬೇಕು. ಸ್ವಾಮಿಗೆ ಇನ್ನೂ ಕಣ್ಣು ಬರೆದಿರಲಿಲ್ಲ.

"ನೀವು ಮುಟ್ಟೋದು ಗಾಜು ತಾನೇ? ದೇವರನ್ನೆಲ್ಲಿ ಮುಟ್ತೀರಿ?"

"ಕಂಬ ಸೀಳಿ ಬಂದೋನಿಗೆ ಗಾಜು ಯಾವ ಲೆಕ್ಕವೇ!" ಎಂದು ಕಿಟ್ಟು ಅವಳ ಫೋನನ್ನೂ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟ. ಅವಳು ಹಣೆ ಚಚ್ಚಿಕೊಂಡು ಬರಿಗೈಯಲ್ಲಿ ಆಫೀಸಿಗೆ ಹೋದಳು.

ಒಂಬತ್ತಕ್ಕೆ ಎದುರುಮನೆಯ ಕೋಮಲಾ ಬಾಗಿಲು ತಳ್ಳಿಕೊಂಡೇ ಬಂದರು. "ಕಿಟ್ಟೂ, ರವಿಶಂಕರ್ ನನಗೆ ಫೋನ್ ಮಾಡಿದ್ದ. ಪಾವಂ, ಪಾಪ, ನಿಮ್ಮ ದೊಡ್ಡಪ್ಪ..."

ಕಿಟ್ಟು ಒಂದೇ ನೆಗೆತಕ್ಕೆ ಅಡುಗೆಮನೆ ಸೇರಿ ಮಿಕ್ಸಿ ತಿರುಗಿಸಿದ. ಖಾಲಿ ಜಾರ್ ಜೆಟ್ ವಿಮಾನದಂತೆ ಅರಚಿತು. ಕೋಮಲಾ ತುಟಿ ಆಡಿಸಿದರು, ಕೈ ಆಡಿಸಿದರು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಸೆರಗು ಕಂಡು ಕಿಟ್ಟು ಮಿಕ್ಸಿಯನ್ನು ಇನ್ನೂ ಜೋರು ಮಾಡಿದ. ಕಿವಿಯೇನೋ ಮುಚ್ಚಿತು, ಕಣ್ಣಿನಿಂದ ಸೂತಕ ಬಂದರೆ? ಅವನು ಕಣ್ಣನ್ನೂ ಮುಚ್ಚಿಕೊಂಡ.

ಇನ್ನು ಮನೆಯಲ್ಲಿದ್ದರೆ ಅಪಾಯ. ಟ್ಯಾಬ್ಲೆಟ್ ಕಂಕುಳಲ್ಲಿರಿಸಿ, ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಿಳಿದ. ಕೆಳಗೆ ಫ್ಲ್ಯಾಟುಗಳ ಕಾರ್ಯದರ್ಶಿ ಸೋಮಲಿಂಗಪ್ಪ ಕೈ ಅಡ್ಡ ಚಾಚಿ ನಿಂತಿದ್ದರು.

"ನಿಂದರ್ರೀ ಕಿಟ್ಟು! ನಿಮ್ಮ ದೊಡ್ಡಪ್ಪಾರು..."

"ನರಸಿಂಹಾ! ನರಸಿಂಹಾ!" ಹೆಲ್ಮೆಟ್ಟಿನೊಳಗಿಂದ ಕಿಟ್ಟು ಗರ್ಜಿಸಿದ.

"ಅಯ್ಯ, ತಲಿ ಕೆಟ್ಟತೇನ್ರೀ ನಿಮಗ? ಪೂರ್ತಿ ಕೇಳ್ರೀ ಮೊದಲ!"

ಕಿಟ್ಟು ಅವರ ತೋಳಿನಡಿ ನುಸುಳಿ, ವೆಸ್ಟ್ ಮಾಂಬಲಂನ ಓಣಿಗಳಲ್ಲಿ ಅಟ್ಟಿಸಿಕೊಂಡ ಕೋಳಿಯಂತೆ ಓಡಿ, ಸಿಕ್ಕಿದ ಆಟೋ ಹತ್ತಿದ.

ಕೋಡಂಬಾಕ್ಕಂನ ಪ್ರಿಂಟಿನ ಅಂಗಡಿಯಲ್ಲಿ, ಮೂಲೆಯಲ್ಲಿ ಕುಳಿತು, ಹೆಲ್ಮೆಟ್ ತೆಗೆಯದೆಯೇ ಸ್ವಾಮಿಗೆ ಕಣ್ಣು ಬರೆದ. ಬರೆದು ಮುಗಿಸಿ ನೋಡಿದರೆ ನರಸಿಂಹ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ! ಅಳಿಸಿದ. ಕರುಣೆ ತುಂಬಿ ಮತ್ತೆ ಬರೆದ. ಈ ಸಲ ಇನ್ನೂ ಉಗ್ರ. ಹತ್ತು ಸಲ ಅಳಿಸಿದ, ಹತ್ತು ಸಲ ಬರೆದ. ಪ್ರತಿ ಸಲವೂ ಆ ಕಣ್ಣು ಒಂದೇ ಮಾತು ಹೇಳುತ್ತಿತ್ತು: ಮಗನೇ, ನಿನಗೆ ಗೊತ್ತು.

ಆರು ಗಂಟೆಗೆ ಸರಿಯಾಗಿ ಕಟ್ಟು ಹಾಕಿಸಿದ ಚಿತ್ರವನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಮಠದ ಬಾಗಿಲಿಗೆ ಬಂದ. ವ್ಯವಸ್ಥಾಪಕ ಶಿವರಾಮು ಎದುರಾದರು.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಏನೂ ಹೇಳ್ಬೇಡಿ! ಮೊದಲು ಸ್ವಾಮಿನ ಇಳಿಸ್ಕೊಳ್ಳಿ!"

"ಯಾರ ಸೇವೆಗೆ ಅಂತ ಇಳಿಸ್ಕೊಳ್ಳಲಿ? ನಾಳಿನ ಸೇವೆ ನಿಮ್ಮ ದೊಡ್ಡಪ್ಪನದು. ಚಿತ್ರ ನಿಮ್ಮ ಕೈಲೇ ಬರೆಸ್ಬೇಕು ಅಂತ ಹಟ ಹಿಡಿದೋರೂ ಅವರೇ. ರಾಯರು ಹೋಗ್ಬಿಟ್ರು, ಸೇವೆ ಮುಂದಕ್ಕೆ ಹಾಕಿದೀವಿ."

ಮಾತು ಕಿವಿಗೆ ಬಿದ್ದೇ ಬಿಟ್ಟಿತು. "ಬೆಳಿಗ್ಗೆ ಆರಕ್ಕೇ ಹೋದ್ರಲ್ಲವೇ?" ಎಂದ ಕಿಟ್ಟು, ಕ್ಷೀಣವಾಗಿ.

"ಆರಕ್ಕೆಲ್ಲಿ? ಮಧ್ಯಾಹ್ನ ಮೂರೂವರೆಗೆ. ಬೆಳಿಗ್ಗೆಯಿಂದ ಒಂದೇ ಜಪ ಅವರದು, 'ಕಿಟ್ಟು ಬರೆದ ನರಸಿಂಹನ್ನ ಒಂದು ಸಲ ಫೋನಿನಲ್ಲಾದ್ರೂ ತೋರಿಸ್ರೋ' ಅಂತ. 'ಕಣ್ಣು ಬರೀದೆ ಇದ್ರೂ ಪರವಾಗಿಲ್ಲ' ಅಂದ್ರಂತೆ. ರವಿಶಂಕರ್ ನಿಮ್ಮ ಬೀದಿಯವರಿಗೆಲ್ಲ ಫೋನ್ ಮಾಡಿದ."

ಕಿಟ್ಟು ಚಿತ್ರವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

"ಅಯ್ಯಯ್ಯೋ, ಈಗ ಸೂತಕ ಬಂತಲ್ರೀ! ಮುಟ್ಬೇಡಿ, ಸ್ವಾಮಿನ ಬಿಡಿ!" ಎಂದು ಶಿವರಾಮು ಹೌಹಾರಿದರು. "ಹಾಂ, ಹಾಂ, ನೆಲಕ್ಕಿಡ್ಬೇಡಿ! ಇರಿ, ಯಾರನ್ನಾದ್ರೂ ಕರೀತೀನಿ!"

ಹಿಡಿಯುವಂತಿಲ್ಲ, ಇಳಿಸುವಂತಿಲ್ಲ. ಕಿಟ್ಟು ಬಾಗಿಲಲ್ಲೇ ನಿಂತ. ಹೆಲ್ಮೆಟ್ಟಿನೊಳಗೆ ಕಣ್ಣೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆ ಉಗ್ರ ಕಣ್ಣುಗಳು ಅವನ ಮೂಗಿನಿಂದ ಗೇಣು ದೂರದಲ್ಲಿದ್ದವು.

"ಸ್ವಾಮೀ, ನನಗೆ ಏನು ಶಿಕ್ಷೆ ಕೊಡ್ತೀಯೋ ಕೊಡು. ನಿನ್ನನ್ನ ನೋಡ್ಬೇಕು ಅಂತ ಕಾದು ಕಾದು ಹೋದರು ನನ್ನ ದೊಡ್ಡಪ್ಪ. ನಾನು ತೋರಿಸಲಿಲ್ಲ. ನೀನೇ ಹೋಗಿ ಅವರೆದುರು ನಿಂತ್ಕೋ. ಈ ಮುಖ ಬೇಡಪ್ಪಾ, ನಗುನಗುತ್ತ ನಿಂತ್ಕೋ. ಆ ಜೀವಕ್ಕೆ ಶಾಂತಿ ಕೊಡು."