ಟವೆಲ್ ಹಾಕಿದ ಕಂಪ್ಯೂಟರ್

ಹಳೇಬೀಡಿನ ಶ್ಯಾಮಲಾಳ ತಾಪತ್ರಯ ಶುರುವಾದದ್ದು ಅರಸೀಕೆರೆ ಬಸ್ಸಿನಲ್ಲಿ. ಯಾರೋ ಒಬ್ಬ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದು ಟೀ ಕುಡಿಯಲು ಹೋದ. ಅವನು ಬರುವವರೆಗೂ ತುಂಬಿದ ಬಸ್ಸಿನಲ್ಲಿ ಒಬ್ಬರೂ ಆ ಜಾಗ ಮುಟ್ಟಲಿಲ್ಲ. ಶ್ಯಾಮಲಾಳಿಗೆ ತಟ್ಟನೆ ಹೊಳೆಯಿತು.

ಹಾಸನದ ಪುಟ್ಟ ಕಂಪನಿಯೊಂದಕ್ಕೆ ಅವಳು ಮನೆಯಲ್ಲೇ ಕೂತು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದಳು. ಕಂಪ್ಯೂಟರಿಗೆ ಮೌಸೋ ಪೆನ್‌ಡ್ರೈವೋ ಸಿಕ್ಕಿಸಿದಾಗ ಅದು ಹೇಗೆ ಬರಮಾಡಿಕೊಳ್ಳಬೇಕು, ಕಿತ್ತಾಗ ಏನು ಮಾಡಬೇಕು ಎಂದು ಕಲಿಸುವುದೇ ಅವಳ ಕೆಲಸ. ಹೋದದ್ದು ಮತ್ತೆ ಬಂದೇ ಬರುತ್ತದೆಂದು ನಂಬಿ, ಅದರ ಗುರುತು ನೆನಪಿಟ್ಟು ಜಾಗ ಹಿಡಿದಿಡಲಿ ಎಂದು ಬರೆದಳು. ಹತ್ತು ಜಾಗ ಧಾರಾಳವಾಯಿತು ಎಂದುಕೊಂಡಳು. ಎರಡು ತಿಂಗಳು ಕಳೆದು, ಇಂದು ಮೇಲಧಿಕಾರಿ ಮಾಲಿನಿ ಪರೀಕ್ಷೆಗೆ ಬರುವವರಿದ್ದರು. ಅವರು ಒಪ್ಪಿದರೆ ಶ್ಯಾಮಲಾಳ ಕೆಲಸ ಕಾಯಂ.

ಬೆಳಿಗ್ಗೆ ಅತ್ತೆ ಗಿರಿಯಮ್ಮ ಕಸ ಗುಡಿಸುವಾಗ ಮೌಸ್ ಕಿತ್ತುಬಂತು. ಹೆದರಿ ಮತ್ತೆ ಸಿಕ್ಕಿಸಿದರು. "ಬನ್ನಿ, ನಿಮ್ಮ ಜಾಗ ಇಲ್ಲೇ ಇದೆ" ಎಂದಿತು ಪರದೆ. ಗಿರಿಯಮ್ಮ ಪೊರಕೆ ಬಿಟ್ಟು ಕೈಮುಗಿದರು.

"ಹೋದೋರ್ಗೆ ಜಾಗ ಕಾಯ್ತೈತಲ್ಲೇ ಶ್ಯಾಮ್ಲಾ! ನಮ್ ನೆಂಟ್ರೇ ಇಷ್ಟು ನೆಪ್ಪಿಟ್ಕಳಾಕಿಲ್ಲ!"

ಅತ್ತೆಯ ಬಾಯಿಗೆ ಬಿದ್ದ ಸುದ್ದಿ ಬೀದಿಯಲ್ಲಿ ಉಳಿಯುತ್ತದೆಯೇ? ಪಕ್ಕದ ಮನೆಯ ಕಾಂತಮ್ಮ ಮೊಮ್ಮಗಳ ನಾಮಕರಣದ ಫೋಟೋ ಇದ್ದ ಪೆನ್‌ಡ್ರೈವ್ ತಂದರು. ಎದುರು ಮನೆಯ ಗಿಡ್ಡಯ್ಯ ಭಜನೆಯ ಮೈಕು ತಂದ. ಪಕ್ಕದೂರು ಹುಲಿಕೆರೆಯಿಂದ ಯಾರೋ ಪ್ರಿಂಟರನ್ನೇ ಹೊತ್ತು ಬಂದರು. ಅವರ ಹಿಂದೆಯೇ ಇನ್ನೂ ಐದಾರು ಜನ ಸಾಲುಗಟ್ಟಿದರು.

"ನಂದೂ ಒಂದ್ಸಲ ಚುಚ್ಚವ್ವಾ, ಗುರ್ತು ಹಿಡೀತೈತಾ ನೋಡಾನ" ಎಂದ ಗಿಡ್ಡಯ್ಯ.

ಕಿತ್ತು ಮತ್ತೆ ಸಿಕ್ಕಿಸಿದ ಮೈಕನ್ನು ಯಂತ್ರ ಗುರುತು ಹಿಡಿದಾಗ ಗಿಡ್ಡಯ್ಯನ ತೆರೆದ ಬಾಯಿ ತೆರೆದೇ ಇತ್ತು. ಶ್ಯಾಮಲಾಳಿಗೂ ಮೈ ಜುಮ್ಮೆಂದಿತು. ತಾನು ಬರೆದ ನಾಲ್ಕು ಸಾಲು ಎಂಥ ಸೋಜಿಗ ಮಾಡಿತಲ್ಲ ಎಂದು ಅವಳೇ ಬೆರಗಾಗಿ ನಿಂತಳು.

ಹೊರಗೆ ಮಾಲಿನಿಯವರ ಕಾರು ನಿಂತಾಗಲೇ ಎಚ್ಚರವಾದದ್ದು. ಹತ್ತೂ ಜಾಗ ಭರ್ತಿ! ಒಳಗೆ ಬಂದ ಮಾಲಿನಿ ಚೀಲದಿಂದ ಒಂದು ಕೀಬೋರ್ಡ್ ತೆಗೆದರು. ಯಂತ್ರ ಇದಕ್ಕೆ ಜಾಗವಿಲ್ಲ ಎಂದುಬಿಟ್ಟರೆ ಕೆಲಸದ ಕತೆ ಮುಗಿದಂತೆಯೇ.

"ಮೊದ್ಲು ಕಾಫಿ ಕುಡೀರಿ ಮೇಡಂ" ಎಂದವಳೇ, ಯಾವ ಜಾಗ ಯಾರದ್ದೆಂದೂ ನೋಡದೆ ಯಂತ್ರದ ನೆನಪನ್ನೆಲ್ಲ ಅಳಿಸಿ ಹಾಕಿದಳು.

ಕಾಫಿ ಮುಗಿಸಿ ಮಾಲಿನಿ ಕೀಬೋರ್ಡ್ ಸಿಕ್ಕಿಸಿದರು. "ಹೊಸಬರು ಬಂದಿದ್ದೀರಿ, ಸ್ವಾಗತ" ಎಂದಿತು ಪರದೆ. ಶ್ಯಾಮಲಾಳಿಗೆ ಹೋದ ಜೀವ ಬಂದಂತಾಯಿತು.

"ಹೊಸಬರಾ?" ಮಾಲಿನಿಯವರ ಮುಖ ಸಪ್ಪಗಾಯಿತು. "ಹೋದ ತಿಂಗ್ಳು ಬಂದಾಗ ಇದನ್ನೇ ಅಲ್ವೇನ್ರೀ ನಾನು ಹಾಕಿ ತೆಗ್ದಿದ್ದು? ಇದರ ಜಾಗ ಇನ್ನೂ ಇದೆಯಾ ಅಂತ ನೋಡೋದೇ ಇವತ್ತಿನ ಪರೀಕ್ಷೆ."

ಶ್ಯಾಮಲಾ ಖಾಲಿ ಲೋಟಗಳನ್ನು ಎತ್ತಿಕೊಳ್ಳತೊಡಗಿದಳು. ಗಿರಿಯಮ್ಮನಿಗೆ ಮಾತ್ರ ಯಂತ್ರಕ್ಕೆ ಕೆಟ್ಟ ಹೆಸರು ಬರುವುದನ್ನು ತಡೆಯಲಾಗಲಿಲ್ಲ.

"ಅದುನ್ನ ಬಯ್ಬೇಡಿ ಕಣವ್ವಾ! ಅದು ಯಾರ್ನೂ ಮರಿಯಾಕಿಲ್ಲ. ನೀವು ಕಾಪಿ ಕುಡೀವಾಗ ನನ್ ಸೊಸೆನೇ ಎಲ್ಲಾನೂ ಅಳ್ಸಾಕಿದ್ಲು!"

ಮಾಲಿನಿ ಯಂತ್ರವನ್ನೊಮ್ಮೆ, ಶ್ಯಾಮಲಾಳನ್ನೊಮ್ಮೆ ನೋಡಿದರು.

"ಹಾಗಾದ್ರೆ ಯಂತ್ರ ಪಾಸು" ಎಂದರು. "ನಿಮ್ಮ ವಿಷ್ಯ ಮುಂದಿನ ಯುಗಾದಿಗೆ ನೋಡೋಣ."