ಬೀಳುವ ಹಲ್ಲು, ಬೀಳದ ಹಲ್ಲು

ಆ ದಿನ ಮಾಕಾನ ಫಜೀತಿ ಶುರುವಾದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಬ್ರಷ್‌ನಿಂದ. ಮಗಳು ಸಿಯಾಲೆಗೆ ಆರು ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್, ಜೊತೆಗೆ ಹೃದಯದ ತೊಂದರೆ. ಬ್ರಷ್ ಕಂಡದ್ದೇ ಗೋಣಿಚೀಲ ಹೊಲಿದ ಹಾಗೆ ತುಟಿ ಬಿಗಿದಳು. ವಾರದಿಂದ ಇದೇ ರಗಳೆ. ಒಸಡಿನ ಸೋಂಕು ಹೋಗದೆ ಹೃದಯದ ಆಪರೇಷನ್ ಮಾಡುವುದಿಲ್ಲವೆಂದು ದೊಡ್ಡಾಸ್ಪತ್ರೆಯವರು ಹೇಳಿಬಿಟ್ಟಿದ್ದರು. ಇವತ್ತು ಹಲ್ಲಿನ ಡಾಕ್ಟರು ನೋಡುವ ದಿನ. ಹೆಂಡತಿಯೋ ಸಾವಿನ ಮನೆಗೆಂದು ಬೇರೆ ದ್ವೀಪಕ್ಕೆ ಹೋಗಿದ್ದಳು.

“ಒಂದು ಮಗು ಬಾಯಿ ತೆಗೆಸೋಕೆ ಆಗಲ್ವೇನೋ ನಿನಗೆ?” ಅಂಗಳದಿಂದ ಅಕ್ಕ ವಿಕಾಳ ದನಿ. ಟೋಂಗಾ ದ್ವೀಪಗಳಲ್ಲಿ ತಮ್ಮನ ಮಕ್ಕಳ ವಿಷಯದಲ್ಲಿ ಸೋದರತ್ತೆಯ ಮಾತೇ ಕೊನೆಯದು.

“ಕಚ್ತಾಳೆ, ಅಕ್ಕ.”

“ಕಚ್ಚಲಿ! ಹಾಡು ಹೇಳು, ತಾನೇ ಬಾಯಿ ಬಿಡ್ತಾಳೆ.”

ಹಾಡು ಎಂದದ್ದು ಕೇಳಿ, ಇಗರ್ಜಿಯಲ್ಲಿ ಹಾಡಿಸುವ ಪಕ್ಕದ ಮನೆಯ ಪೆನಿಸೋನಿ ಕರೆಯದೆಯೇ ಬಂದ. ಅವನೂ ಮಾಕಾನೂ ಸೇರಿ ಹಾಡಿದ ಅಬ್ಬರಕ್ಕೆ ಅಂಗಳದ ಹಂದಿಗಳು ದಿಕ್ಕಾಪಾಲಾದವು. ಸಿಯಾಲೆ ಚಪ್ಪಾಳೆ ತಟ್ಟಿ ಮೂಗಿನಲ್ಲೇ ದನಿಗೂಡಿಸಿದಳು. ತುಟಿ ಮಾತ್ರ ಬಿಚ್ಚಲಿಲ್ಲ.

“ಸಾಕು ಸರೀರಿ, ನಾನು ಉಜ್ಜಿ ತೋರಿಸ್ತೀನಿ,” ಎನ್ನುತ್ತ ವಿಕಾ ನಲ್ಲಿಯ ಬಳಿ ನಿಂತು, ರೂಢಿಯಂತೆ ಕಟ್ಟಿಸಿಕೊಂಡ ಮೇಲಿನ ಹಲ್ಲಿನ ಸೆಟ್ಟನ್ನೇ ಬಾಯಿಂದ ಕೈಗೆ ತೆಗೆದುಕೊಂಡು ತಿಕ್ಕತೊಡಗಿದಳು.

ಸಿಯಾಲೆ ಓಡಿಹೋಗಿ ನೀರಿನ ತೊಟ್ಟಿಯ ಹಿಂದೆ ಅವಿತಳು. “ಉಜ್ಜಿದ್ರೆ ಬೀಳುತ್ತೆ. ಅತ್ತೇದು ದಿನಾ ಬೀಳುತ್ತೆ!”

ವಾರದ ಒಗಟು ಈಗ ಒಡೆಯಿತು. ಮಾಕಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಉಜ್ಜಿದ್ರೆ ನಿಜವಾದ ಹಲ್ಲು ಬೀಳಲ್ಲ ಕಣೇ. ಬೇಕಾದ್ರೆ ನಂದು ಉಜ್ಜಿ ನೋಡು. ಎಳೆದೂ ನೋಡು.”

ಸಿಯಾಲೆ ಸುಮ್ಮನೆ ನಂಬುವವಳಲ್ಲ. ಉಜ್ಜಿದಳು, ಅಲ್ಲಾಡಿಸಿದಳು, ಗೆಣಸು ಕೀಳುವವರ ಹಾಗೆ ಒಂದೊಂದನ್ನೂ ಜಗ್ಗಿದಳು. ಮಾಕಾನ ಕಣ್ಣಲ್ಲಿ ನೀರು ಬಂತು, ಹಲ್ಲು ಬರಲಿಲ್ಲ. ಆಗ ಅವಳು ಕನ್ನಡಿಯ ಮುಂದೆ ನಿಂತು, ಅಪ್ಪನ ಎದೆಗೆ ತಲೆ ಆನಿಸಿ, ಬಾಯಿ ತೆರೆದಳು. ಮಾಕಾ ಉಸಿರು ಬಿಗಿಹಿಡಿದು ಒಸಡಿನ ಅಂಚಿಗೆ ಮೆಲ್ಲನೆ ಬ್ರಷ್ ಆಡಿಸಿದ.

ಆಸ್ಪತ್ರೆಯಲ್ಲೂ ಅವಳು ತಾನಾಗಿ ಬಾಯಿ ತೆರೆದಳು. “ಊತ ಇದೆ. ದಿನಾ ಎರಡು ಹೊತ್ತು ಹೀಗೇ ಉಜ್ಜಿಸಿಕೊಂಡ್ರೆ ತಿಂಗಳಲ್ಲಿ ಸರಿಹೋಗುತ್ತೆ. ಭೇಷ್ ಮಾಕಾ!” ಎಂದಳು ಹಲ್ಲಿನ ಡಾಕ್ಟರ್ ಫತಾಯಿ.

ಮಾಕಾ ಹಿಗ್ಗಿ ಹೀರೇಕಾಯಿಯಾಗಿ ಕಿವಿಯವರೆಗೂ ನಕ್ಕ. ಫತಾಯಿ ಆ ನಗುವಿನೊಳಗೆ ಇಣುಕಿದಳು.

“ಅಯ್ಯೋ, ಆ ದವಡೆ ಹಲ್ಲಿಗೆ ಏನಾಗಿದೆ? ಕೂತ್ಕೋ ಇಲ್ಲಿ.”

ಹಳೆಯ ಹುಳುಕು ಹಲ್ಲು ಬೆಳಗಿನ ಜಗ್ಗಾಟಕ್ಕೆ ಪೂರ್ತಿ ಸಡಿಲವಾಗಿತ್ತು. ಇಂಜೆಕ್ಷನ್ ಚುಚ್ಚಿ ಇಕ್ಕಳ ಹಾಕಿದ್ದೇ ತಡ, ತಟ್ಟೆಯಲ್ಲಿ ಠಣ್ ಎಂದಿತು.

ಸಿಯಾಲೆ ಸ್ಟೂಲು ಹತ್ತಿ ತಟ್ಟೆ ನೋಡಿದಳು. ಅಪ್ಪನನ್ನು ನೋಡಿದಳು. ಎರಡೂ ಅಂಗೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಅಂದಳು:

“ಅಪ್ಪ ಸುಳ್ಳ.”

ದವಡೆಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಮಾಕಾನಿಗೆ ಸಮಜಾಯಿಷಿ ಕೊಡಲೂ ಬಾಯಿ ಇರಲಿಲ್ಲ. ಅಪ್ಪ ಮಗಳು ಇಬ್ಬರೂ ತುಟಿ ಬಿಗಿದುಕೊಂಡೇ ಮನೆಗೆ ನಡೆದರು.